ಕಿರುಚಿತ್ರದ ಆಯವ್ಯಯ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಕಾಲು ಚಾಚುವ ಮುನ್ನ ಹಾಸಿಗೆಯ ಉದ್ದವನ್ನು ಅಳೆದು ನೋಡುವವರು ವಿರಳ. ಕೈಯಲ್ಲಿ ಒಂದು ಮೊಬೈಲ್ ಫೋನ್ ಇದ್ದರೆ ಸಾಕು, ಕಿರುಚಿತ್ರ ತೆಗೆಯಲು ಖರ್ಚೇ ಇಲ್ಲವೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿದ್ದಾರೆ. ಯಂತ್ರವು ಅಗ್ಗವಾಗಿರುವುದು ನಿಜ. ಆದರೆ ಅದರ ಹಿಂದೆಯೂ ಮುಂದೆಯೂ ನಿಲ್ಲುವ ಮನುಷ್ಯರು ಉಣ್ಣಬೇಕು, ಪ್ರಯಾಣ ಮಾಡಬೇಕು, ದುಡಿದುದಕ್ಕೆ ಪ್ರತಿಫಲ ಪಡೆಯಬೇಕು. ಬರುವ ಹಣವನ್ನೂ ಹೋಗುವ ಹಣವನ್ನೂ ಮೊದಲೇ ಎಣಿಸಿ ಬರೆದಿಡುವ ಪಟ್ಟಿಗೆ ಆಯವ್ಯಯವೆಂದು ಹೆಸರು. ಅದನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿಚಾರಿಸೋಣ.

ಮೊದಲು ಆಯ. ನಾವು ಬಂದು ನೆಲಸಿರುವ ಈ ಕೇರಳದಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. 1965ರಲ್ಲಿ ಅಡೂರ್ ಗೋಪಾಲಕೃಷ್ಣನ್ ಮತ್ತು ಅವರ ಸ್ನೇಹಿತರು ತಿರುವನಂತಪುರದಲ್ಲಿ ಚಿತ್ರಲೇಖಾ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. ಈ ಬಳಗದವರು ಮೊದಲು ಸಾಕ್ಷ್ಯಚಿತ್ರಗಳನ್ನು ತಯಾರಿಸಿ ಕೆಲಸವನ್ನು ಕಲಿತರು. ಅನಂತರ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನಿಂದ 1,50,000 ರೂಪಾಯಿ ಸಾಲ ಪಡೆದು ‘ಸ್ವಯಂವರಂ’ ಚಿತ್ರವನ್ನು ನಿರ್ಮಿಸಿದರು. 1972ರ ಈ ಚಿತ್ರವು ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಗಳಿಸಿತು. ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಬಳಗದವರ ದಾರಿ ಬೇರೆ. ಅವರು ಊರೂರು ಅಲೆದು, ಜನಸಾಮಾನ್ಯರಿಂದ ಚಿಕ್ಕ ಚಿಕ್ಕ ಮೊತ್ತಗಳನ್ನು ಕೂಡಿಸಿ, 1986ರಲ್ಲಿ ‘ಅಮ್ಮ ಅರಿಯಾನ್’ ಚಿತ್ರವನ್ನು ಹೊರತಂದರು. ವಯನಾಡಿನಿಂದ ಕೊಚ್ಚಿಯವರೆಗಿನ ಒಂದು ಪಯಣವೇ ಅದರ ಕಥೆ.

ಸಾಲದ ಹಣವಾಗಲಿ ಚಂದಾ ಹಣವಾಗಲಿ, ಎರಡೂ ಪರರ ಹಣ. ಬೆವರು ಸುರಿಸಿ ಗಳಿಸಿದವನು ನಂಬಿಕೆಯಿಂದ ಕೊಟ್ಟುದನ್ನು ಅಂದಾಜಿಲ್ಲದೆ ಸುರಿದರೆ ಚಿತ್ರವು ಅರ್ಧಕ್ಕೆ ನಿಲ್ಲುವುದಷ್ಟೇ ಅಲ್ಲ, ನಂಬಿಕೆಯೂ ಮುರಿಯುತ್ತದೆ. ಮುರಿದ ನಂಬಿಕೆಯ ಮೇಲೆ ಎರಡನೆಯ ಚಿತ್ರವನ್ನು ಕಟ್ಟಲಾಗದು.

ಇನ್ನು ವ್ಯಯ. ಒಂದು ಕಥೆಯನ್ನು ಕಲ್ಪಿಸಿಕೊಳ್ಳೋಣ. ಫೋರ್ಟ್ ಕೊಚ್ಚಿಯಲ್ಲಿರುವ ಕನ್ನಡ ಬಾಲಕನೊಬ್ಬನು ತಿರುವನಂತಪುರದ ಹೋಟೆಲೊಂದರಲ್ಲಿ ಅಡಿಗೆಯ ಕೆಲಸಕ್ಕಿರುವ ತಂದೆಯನ್ನು ನೋಡಲು ಹೋಗುತ್ತಾನೆ. ಹತ್ತು ನಿಮಿಷದ ಚಿತ್ರ. ಏಳು ಜನರ ತಂಡ. ಕೊಚ್ಚಿಯಲ್ಲಿ ಎರಡು ದಿನ, ತಿರುವನಂತಪುರದಲ್ಲಿ ಒಂದು ದಿನ ಚಿತ್ರೀಕರಣ. ಕೈಯಲ್ಲಿರುವುದು 42,000 ರೂಪಾಯಿ. ಕೆಳಗಿನ ದರಗಳನ್ನು ಲೆಕ್ಕ ಕಲಿಯುವುದಕ್ಕಾಗಿಯೇ ಹಿಡಿದಿದ್ದೇವೆ. ನಿಜವಾದ ದರಗಳನ್ನು ನೀವೇ ವಿಚಾರಿಸಿ ತಿಳಿಯತಕ್ಕದ್ದು.

ಊಟ, ತಿಂಡಿ (7 ಜನ, 3 ದಿನ, ತಲಾ 250) – 5,250
ಕ್ಯಾಮೆರಾ ಬಾಡಿಗೆ (3 ದಿನ) – 9,000
ಧ್ವನಿಮುದ್ರಣದ ಸಲಕರಣೆ (3 ದಿನ) – 3,000
ಕೊಚ್ಚಿಯೊಳಗಿನ ಓಡಾಟ – 1,000
ರೈಲು, ಹೋಗಿಬರಲು (7 ಜನ, ತಲಾ 300) – 2,100
ಒಂದು ರಾತ್ರಿಯ ವಸತಿ – 3,000
ನಟರಿಬ್ಬರ ಸಂಭಾವನೆ – 4,000
ಸಂಕಲನ ಮತ್ತು ಧ್ವನಿ ಜೋಡಣೆ – 8,000
ಚಿತ್ರವನ್ನು ಕಾಪಿಡಲು ಎರಡು ಹಾರ್ಡ್ ಡಿಸ್ಕ್ – 6,000
ಒಟ್ಟು – 41,350

‘42,000ದೊಳಗೆ ಬಂತಲ್ಲ!’ ಎಂದು ಹಿಗ್ಗಬೇಡಿರಿ. ಮಳೆ ಬಂದೀತು, ಯಂತ್ರ ಕೆಟ್ಟೀತು. ಆದುದರಿಂದ ನೂರಕ್ಕೆ ಹತ್ತರಂತೆ ಆಪದ್ಧನ ಇಡಲೇಬೇಕು. ಅದು 4,135. ಕೂಡಿದರೆ 45,485, ಎಂದರೆ 3,485 ರೂಪಾಯಿ ಸಾಲದು.

ಈಗ ಏನು ಮಾಡುವುದು? ಅನೇಕರು ಮೊದಲು ಊಟವನ್ನು ಕಡಿಮೆ ಮಾಡುತ್ತಾರೆ, ಇಲ್ಲವೆ ಆಪದ್ಧನವನ್ನು ಅಳಿಸುತ್ತಾರೆ. ಇವೆರಡೂ ತಪ್ಪು. ಹಸಿದವರ ದುಡಿಮೆಯಿಂದ ಒಳ್ಳೆಯ ಚಿತ್ರ ಬಾರದು. ಬಂದರೂ ಅದು ನ್ಯಾಯವಲ್ಲ. ಕಡಿಮೆ ಮಾಡುವುದಕ್ಕೆ ಮುಂಚೆ ಕಥೆಯ ಕಡೆಗೆ ತಿರುಗಿ, ಯಾವ ವಾಕ್ಯಕ್ಕೆ ಎಷ್ಟು ಬೆಲೆಯೆಂದು ನೋಡಬೇಕು. ‘ಬಾಲಕನು ತಿರುವನಂತಪುರಕ್ಕೆ ಹೋದನು’ ಎಂಬ ಒಂದು ವಾಕ್ಯವನ್ನು ಗಮನಿಸಿರಿ. ಒಂದು ದಿನದ ಊಟ 1,750, ಕ್ಯಾಮೆರಾ 3,000, ಧ್ವನಿ 1,000, ರೈಲು 2,100, ವಸತಿ 3,000; ಒಟ್ಟು 10,850. ಬರೆಯಲು ಮೂರೇ ಪದ, ತೆಗೆಯಲು ಇಷ್ಟು ಹಣ!

ಹಾಗಾದರೆ ಆ ದೃಶ್ಯವನ್ನೇ ಬಿಡೋಣವೇ? ತಂದೆಮಕ್ಕಳ ಭೇಟಿಯೇ ಈ ಕಥೆಯ ಜೀವಾಳ. ಅದನ್ನು ಬಿಟ್ಟರೆ ಉಳಿಯುವುದು ಬರಿಯ ಪ್ರಯಾಣ. ಬಿಡಬೇಕಾದುದು ದೃಶ್ಯವನ್ನಲ್ಲ, ಅದರ ಸುತ್ತಣ ಅನಗತ್ಯವನ್ನು. ಏಳು ಜನರ ಬದಲು ನಿರ್ದೇಶಕ, ಛಾಯಾಗ್ರಾಹಕ, ಧ್ವನಿಮುದ್ರಕ ಮತ್ತು ಇಬ್ಬರು ನಟರು, ಹೀಗೆ ಐವರು ಮಾತ್ರ ಬೆಳಗಿನ ರೈಲಿಗೆ ಹೋಗಿ ರಾತ್ರಿ ಹಿಂತಿರುಗಲಿ. ಆಗ ವಸತಿ ಬೇಡ. ಊಟ 1,250, ರೈಲು 1,500, ಕ್ಯಾಮೆರಾ ಮತ್ತು ಧ್ವನಿ 4,000, ಒಟ್ಟು 6,750. ಚಿತ್ರದ ಖರ್ಚು 37,250ಕ್ಕೆ ಇಳಿಯುತ್ತದೆ. ಆಪದ್ಧನ 3,725 ಸೇರಿ 40,975. ಇನ್ನೂ 1,025 ರೂಪಾಯಿ ಉಳಿಯಿತು.

ರೈಲ್ವೆ ನಿಲ್ದಾಣದೊಳಗೆ ಚಿತ್ರ ತೆಗೆಯಲು ಅನುಮತಿ ಬೇಕು, ಶುಲ್ಕವೂ ಉಂಟು. ಭೇಟಿಯು ಹೋಟೆಲಿನ ಹಿಂಬಾಗಿಲಲ್ಲಿ, ಪಾತ್ರೆ ತೊಳೆಯುವ ಸದ್ದಿನ ನಡುವೆ ನಡೆದರೆ ಆ ಖರ್ಚೂ ಇಲ್ಲ, ಕಥೆಗೂ ಹೆಚ್ಚು ಒಪ್ಪುತ್ತದೆ. ಆದರೆ ಹೋಟೆಲಿನ ಯಜಮಾನರ ಒಪ್ಪಿಗೆಯನ್ನು ಮುಂಚಿತವಾಗಿ ಬರೆಹದಲ್ಲಿ ಪಡೆಯತಕ್ಕದ್ದು. ಹೀಗೆ ಸರಿಯಾದ ಲೆಕ್ಕವು ಕಥೆಯ ಕತ್ತನ್ನು ಹಿಸುಕುವುದಿಲ್ಲ. ಅದರಲ್ಲಿ ಯಾವುದು ಜೀವ, ಯಾವುದು ಅಲಂಕಾರವೆಂಬುದನ್ನು ಬೇರ್ಪಡಿಸಿ ತೋರಿಸುತ್ತದೆ.

ಚಿತ್ರೀಕರಣ ಆರಂಭವಾದ ಮೇಲೆ ಒಬ್ಬನಿಗೆ ಲೆಕ್ಕದ ಪುಸ್ತಕವನ್ನು ಒಪ್ಪಿಸಿರಿ. ಅವನು ದಿನದಿನವೂ ರಸೀದಿಗಳನ್ನು ಕೂಡಿಸಿ, ಅಂದಾಜು ಎಷ್ಟು, ಆದ ಖರ್ಚು ಎಷ್ಟು ಎಂದು ಎರಡು ಅಂಕಣಗಳಲ್ಲಿ ಬರೆಯಲಿ. ಕೆಲಸ ಮುಗಿದ ಮೇಲೆ ಹಣ ಕೊಟ್ಟವರೆಲ್ಲರಿಗೂ ಅದನ್ನು ಓದಿ ಹೇಳಿರಿ. ಉಳಿದುದನ್ನು ಹಿಂದಿರುಗಿಸಿರಿ.

ಅಭ್ಯಾಸ: ನಿಮ್ಮ ಮನೆಯವರು ಈ ನಗರಕ್ಕೆ ಬಂದ ಕಥೆಯನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. ಪ್ರತಿಯೊಂದು ವಾಕ್ಯದ ಮುಂದೆಯೂ ಅದನ್ನು ಚಿತ್ರಿಸಲು ಬೀಳುವ ಖರ್ಚನ್ನು ನಮೂದಿಸಿರಿ. ಅನಂತರ ಒಟ್ಟು ಮೊತ್ತವನ್ನು ಅರ್ಧಕ್ಕೆ ಇಳಿಸಿರಿ; ಆದರೆ ಯಾರ ಊಟವನ್ನೂ, ಯಾರ ಕೂಲಿಯನ್ನೂ ಕಡಿಮೆ ಮಾಡಕೂಡದು.