ದೋಣಿಯು ಗುಡ್ಡವನ್ನೇರುವ ಬಗೆ

ನೀರು ತಗ್ಗಿನ ಕಡೆಗೇ ಹರಿಯುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಗಳು ಗುಡ್ಡಗಳನ್ನು ಹತ್ತಿ ಇಳಿಯುತ್ತವೆ. ಇದು ಹೇಗೆ ಸಾಧ್ಯವೆಂಬುದನ್ನು ವಿಚಾರಿಸೋಣ.

ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿನ ಕಡೆಗೆ ಕಲ್ಲಿದ್ದಲನ್ನು ಒಯ್ಯಲು ನಿರ್ಮಿಸಿದ ಬ್ರಿಜ್‌ವಾಟರ್ ಕಾಲುವೆಯು 1761ರಲ್ಲಿ ಸಂಚಾರಕ್ಕೆ ತೆರೆಯಿತು. ಜೇಮ್ಸ್ ಬ್ರಿಂಡ್ಲಿಯು ಅದರ ಇಂಜಿನಿಯರಾಗಿದ್ದನು. ಅನಂತರ ದೇಶದ ನಡುಭಾಗದಲ್ಲಿ ಕಾಲುವೆಗಳು ಬಲೆಯಂತೆ ಹಬ್ಬಿದುವು. ಖರ್ಚನ್ನೂ ನೀರನ್ನೂ ಉಳಿಸಲು ಅಲ್ಲಿನ ಲಾಕುಗಳನ್ನು ಸುಮಾರು 7 ಅಡಿ ಅಗಲಕ್ಕೆ ಕಟ್ಟಿದರು. ಆದ್ದರಿಂದಲೇ ದೋಣಿಯೂ 7 ಅಡಿಗಿಂತ ತುಸು ಕಿರಿದಾಗಿ, 72 ಅಡಿಯವರೆಗೆ ನೀಳವಾಯಿತು. ಹಿಂದೆ ಇವನ್ನು ಕುದುರೆಗಳು ದಡದ ಮೇಲಿನಿಂದ ಎಳೆಯುತ್ತಿದ್ದುವು. ಈಗ ಎಂಜಿನು ಅವನ್ನು ನಡೆಸುತ್ತದೆ. ಸರಕಿನ ಬದಲು ವಿಹಾರಾರ್ಥಿಗಳು ಇದ್ದಾರೆ.

ಲಾಕ್ ಎಂದರೆ ಎರಡು ಕಡೆಯೂ ಕದಗಳಿರುವ ಕಲ್ಲಿನ ತೊಟ್ಟಿ. ಮೇಲೇರಬೇಕಾದ ದೋಣಿಯು ಕೆಳಗಿನ ಕದದಿಂದ ಒಳಹೊಕ್ಕ ಮೇಲೆ ಆ ಕದವನ್ನು ಮುಚ್ಚಿ, ಮೇಲಿನ ತೂಬುಗಳನ್ನು ತೆರೆಯುತ್ತಾರೆ. ನೀರು ಏರಿದಂತೆ ದೋಣಿಯೂ ಏರುತ್ತದೆ. ಟಾರ್ಡಿಬಿಗ್ ಎಂಬಲ್ಲಿ ಇಂತಹ 30 ಲಾಕುಗಳು ಸಾಲಾಗಿ ನಿಂತು ದೋಣಿಯನ್ನು 220 ಅಡಿ ಎತ್ತರಕ್ಕೆ ಒಯ್ಯುತ್ತವೆ.

ಇಲ್ಲಿ ಆತುರ ಸಲ್ಲದು. ಎರಡು ಕಡೆಯ ನೀರಿನ ಮಟ್ಟಗಳಲ್ಲಿ ಒಂದೇ ಅಂಗುಲ ವ್ಯತ್ಯಾಸ ಉಳಿದರೂ, 7 ಅಡಿ ಅಗಲವಾಗಿ 5 ಅಡಿ ಮುಳುಗಿರುವ ಕದದ ಮೇಲೆ ಸುಮಾರು 80 ಕಿಲೋಗ್ರಾಂ ತೂಕದಷ್ಟು ಒತ್ತಡ ಬೀಳುತ್ತದೆ. ಮಟ್ಟಗಳು ಸಮವಾದರೆ ಅದೇ ಕದವು ನಿಧಾನವಾಗಿ ತೂಗಿ ತೆರೆಯುತ್ತದೆ.

ಇಳಿಯುವಾಗ ಅಪಾಯ ಹೆಚ್ಚು. ಮೇಲಿನ ಕದದ ಕೆಳಗೆ ಕಲ್ಲಿನ ಹೊಸ್ತಿಲೊಂದು ತೊಟ್ಟಿಯೊಳಕ್ಕೆ ಚಾಚಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲಿದ್ದರೆ, ನೀರು ತಗ್ಗಿದಂತೆ ಹಿಂಭಾಗ ಅಲ್ಲಿಯೇ ಸಿಕ್ಕಿಕೊಂಡು ಮುಂಭಾಗ ಮುಳುಗತೊಡಗುತ್ತದೆ. ಆಗ ಕೆಳಗಿನ ತೂಬುಗಳನ್ನು ಕೂಡಲೇ ಮುಚ್ಚಿ, ಮೇಲಿನಿಂದ ಮೆಲ್ಲನೆ ನೀರು ಬಿಡಬೇಕು. ಚುಕ್ಕಾಣಿ ಹಿಡಿದವನು ಹೊಸ್ತಿಲಿನ ಗುರುತಿನಿಂದ ಕಣ್ಣು ತೆಗೆಯಬಾರದು.

ವೇಗದಿಂದಲೂ ತೊಡಕುಂಟು. ಕಿರಿದಾದ ಕಾಲುವೆಯಲ್ಲಿ ದೋಣಿ ಮುಂದೆ ಸರಿದಷ್ಟೂ ನೀರು ಅದರ ಇಕ್ಕೆಲಗಳಲ್ಲಿ ಹಿಂದಕ್ಕೆ ನುಗ್ಗಬೇಕು. ಬರ್ನೂಲಿಯ ತತ್ತ್ವದಂತೆ, ನುಗ್ಗುವ ನೀರಿನ ಮಟ್ಟ ತಗ್ಗುತ್ತದೆ; ದೋಣಿಯೂ ತಗ್ಗಿ ತಳದ ಕೆಸರನ್ನು ಮುಟ್ಟಬಹುದು. ಎಂಜಿನಿನ ಶಕ್ತಿ ಹೆಚ್ಚಿಸಿದರೆ ದಡ ಕೊರೆಯುವುದೇ ಹೊರತು ಪ್ರಯಾಣ ಬೇಗ ಸಾಗದು. ಗಂಟೆಗೆ 4 ಮೈಲಿಯೇ ಮಿತಿ. ಈ ಕಾಲ್ನಡಿಗೆಯ ವೇಗವೇ ಇಲ್ಲಿನ ಸುಖವೂ ಹೌದು: ದಡದಲ್ಲಿ ನಡೆಯುವವರೊಡನೆ ಮಾತನಾಡುತ್ತ, ಮೀನಿಗಾಗಿ ಕಾದು ನಿಂತ ಬಕಪಕ್ಷಿಯನ್ನು ನೋಡುತ್ತ ಸಾಗಬಹುದು.

ಕೊನೆಯದಾಗಿ ನೀರಿನ ಲೆಕ್ಕ. 72 ಅಡಿ ಉದ್ದ, 7 ಅಡಿ ಅಗಲದ ಲಾಕಿನಲ್ಲಿ ನೀರು 7 ಅಡಿ ಏರಬೇಕಾದರೆ ಸುಮಾರು ಒಂದು ಲಕ್ಷ ಲೀಟರು, ಎಂದರೆ 100 ಟನ್ ನೀರು ಬೇಕು. ಮಳೆ ಕೈಕೊಟ್ಟರೆ ಇಷ್ಟು ನೀರಿಗೆ ಎಲ್ಲಿ ಹೋಗುವುದು? 2025ರ ಬೇಸಗೆಯ ಅನಾವೃಷ್ಟಿಯಲ್ಲಿ ಹಲವು ಕಾಲುವೆಗಳ ಸಂಚಾರವನ್ನೇ ನಿಲ್ಲಿಸಬೇಕಾಯಿತು. ಆದುದರಿಂದ ಏರಿದ ದೋಣಿ ತುಂಬಿಸಿಟ್ಟ ಲಾಕಿನಲ್ಲಿಯೇ ಎದುರಿನ ದೋಣಿ ಇಳಿಯಲೆಂದು ತುಸು ಕಾಯುವುದು ಅಲ್ಲಿನ ಸತ್ಸಂಪ್ರದಾಯ.

ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಯೋಚಿಸಬಹುದು. 15 ಟನ್ನಿನ ದೋಣಿಯು ಏರಿದಾಗಲೂ ಇಳಿದಾಗಲೂ ಮೇಲಿನ ಕಾಲುವೆಗಾಗುವ ನಷ್ಟ ಸಮವೇ? ಅಲ್ಲ. ಏರಿದ ದೋಣಿ ಲಾಕನ್ನು ಬಿಟ್ಟಾಗ ಅದರ ಸ್ಥಾನಕ್ಕೆ ಮೇಲಿನಿಂದ 15 ಟನ್ ನೀರು ಇಳಿಯುತ್ತದೆ. ಇಳಿಯಬೇಕಾದ ದೋಣಿ ಲಾಕನ್ನು ಹೊಕ್ಕಾಗ ಅಷ್ಟೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಮೊದಲನೆಯದರಲ್ಲಿ 115 ಟನ್, ಎರಡನೆಯದರಲ್ಲಿ 85 ಟನ್ ನಷ್ಟ. ಇದು ಆರ್ಕಿಮಿಡೀಸನ ನಿಯಮದ ಫಲ.