ಮಾಲ್ದೀವ್ಸ್ ಸೇನೆ ಮತ್ತು ಬೆಂಗಳೂರಿನ ಧ್ರುವ

ವಿಜಯನಗರ, ರಾಜಾಜಿನಗರದಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರು ದೊಡ್ಡ ದೇಶಗಳ ಕ್ಷಿಪಣಿಗಳ ಹೆಸರನ್ನು ಬಾಯಿಪಾಠ ಮಾಡಿ, ನೆರೆಯ ಪುಟ್ಟ ದೇಶಗಳನ್ನು ಬಿಟ್ಟುಬಿಡುತ್ತಾರೆ. ಮಾಲ್ದೀವ್ಸ್ ಅಂಥದ್ದು.

ಅಲ್ಲಿನ ಸೇನೆಯ ಹೆಸರು ಮಾಲ್ದೀವ್ಸ್ ರಾಷ್ಟ್ರೀಯ ರಕ್ಷಣಾ ಪಡೆ. ದ್ವೀಪರಾಷ್ಟ್ರವಾದ್ದರಿಂದ ಟ್ಯಾಂಕ್‌ಗಿಂತ ಗಸ್ತು ಹಡಗು, ಹೆಲಿಕಾಪ್ಟರ್‌ಗಳದ್ದೇ ಮಹತ್ವ. ಭಾರತ 2006ರಲ್ಲಿ ಐಎನ್‌ಎಸ್ ತಿಲ್ಲಾಂಚಾಂಗ್ ಹಡಗನ್ನು ಕೊಟ್ಟಿತು. ಅದು ‘ಹುರವೀ’ ಆಯಿತು. 2023ರಲ್ಲಿ ಅದರ ಬದಲಿಗೆ ಐಎನ್‌ಎಸ್ ತರ್ಮುಗ್ಲಿ ಹೋಯಿತು, ಹೆಸರು ಮಾತ್ರ ಮತ್ತೆ ಹುರವೀ.

ಭಾರತ ಒದಗಿಸಿದ ಎರಡು ಧ್ರುವ ಹೆಲಿಕಾಪ್ಟರ್‌ಗಳು ಬೆಂಗಳೂರಿನ ಎಚ್‌ಎಎಲ್‌ ತಯಾರಿ. ಧ್ರುವ ಮೊದಲು ಹಾರಿದ್ದು 1992ರ ಆಗಸ್ಟ್ 20ರಂದು; ಇದಕ್ಕೆ ಎರಡು ಎಂಜಿನ್. ಇದರ ಶಸ್ತ್ರಸಜ್ಜಿತ ರೂಪ ರುದ್ರ. ಪ್ರಚಂಡ ಬೇರೆಯೇ ಹೆಲಿಕಾಪ್ಟರ್, ಎರಡನ್ನೂ ಒಂದೆಂದು ಬರೆದು ಅಂಕ ಕಳೆದುಕೊಳ್ಳಬೇಡಿ. ಮಾಲ್ದೀವ್ಸ್‌ನಲ್ಲಿ ಧ್ರುವಕ್ಕೆ ಯುದ್ಧಕ್ಕಿಂತ ಹೆಚ್ಚಾಗಿ ರೋಗಿಗಳನ್ನು ದೂರದ ದ್ವೀಪಗಳಿಂದ ಸಾಗಿಸುವ ಕೆಲಸ. 2020ರಲ್ಲಿ ಡಾರ್ನಿಯರ್ 228 ವಿಮಾನವೂ ಸೇರಿತು. ಅದು ಕೂಡ ಎಚ್‌ಎಎಲ್‌ನದೇ, ಆದರೆ ತಯಾರಾಗುವುದು ಕಾನ್ಪುರದಲ್ಲಿ. ಪ್ರಶ್ನೆಪತ್ರಿಕೆ ಮಾಡುವವರಿಗೆ ಇಂಥ ವ್ಯತ್ಯಾಸವೆಂದರೆ ಪಂಚಪ್ರಾಣ.

ಅಧ್ಯಕ್ಷ ಮೊಹಮ್ಮದ್ ಮುಯಿಝು ಅವರ ಒತ್ತಾಯದಂತೆ, ಈ ಹೆಲಿಕಾಪ್ಟರ್, ವಿಮಾನಗಳನ್ನು ನೋಡಿಕೊಳ್ಳುತ್ತಿದ್ದ ಭಾರತೀಯ ಸೈನಿಕರು 2024ರ ಮೇ 10ರೊಳಗೆ ಹಿಂತಿರುಗಿದರು; ಅವರ ಜಾಗಕ್ಕೆ ಭಾರತದ ನಾಗರಿಕ ತಂತ್ರಜ್ಞರು ಬಂದರು. ಅದೇ ವರ್ಷ ಮಾಲ್ದೀವ್ಸ್ ಟರ್ಕಿಯ ಬೈರಕ್ತಾರ್ ಟಿಬಿ2 ಡ್ರೋನ್‌ಗಳನ್ನು ತರಿಸಿತು. 2025ರ ಜುಲೈನಲ್ಲಿ ಭಾರತ 72 ಭಾರಿ ವಾಹನಗಳನ್ನು ಹಸ್ತಾಂತರಿಸಿತು.

ಇದರ ಜೊತೆಗೆ, ಮಾಲ್ದೀವ್ಸ್‌ನಲ್ಲಿ ದಂಗೆ ಹತ್ತಿಕ್ಕಲು ಭಾರತ 1988ರ ನವೆಂಬರ್‌ನಲ್ಲಿ ನಡೆಸಿದ ‘ಆಪರೇಷನ್ ಕ್ಯಾಕ್ಟಸ್’ ಅನ್ನೂ ಓದಿಕೊಳ್ಳಿ.