ಬಿಡುಗಡೆಯ ನಂತರವೂ ಬೇಕು ಆರೈಕೆ

ದುಷ್ಟರ ಕೈಯಲ್ಲಿ ಸಿಲುಕಿದ ಮಗು ಮರಳಿ ಮನೆ ಸೇರಿದರೆ ಎಲ್ಲರಿಗೂ ನೆಮ್ಮದಿ. ಆದರೆ ಕೆಲವು ವಾರ ಕಳೆಯುವಷ್ಟರಲ್ಲಿ ಹೊಸ ಚಿಂತೆ ಶುರುವಾಗುತ್ತದೆ. ಮಗು ರಾತ್ರಿ ಬೆಚ್ಚಿ ಏಳುತ್ತದೆ, ಊಟ ಸೇರುವುದಿಲ್ಲ, ಸುಮ್ಮಸುಮ್ಮನೆ ಸಿಡುಕುತ್ತದೆ. "ಎಲ್ಲ ಮುಗಿಯಿತಲ್ಲ, ಇನ್ನೂ ಯಾಕೆ ಹೀಗೆ?" ಎಂದು ಮನೆಯವರು ಕೇಳುತ್ತಾರೆ. ಬಂಧನ ಮುಗಿದಿದೆ, ನಿಜ. ಗಾಯ ಮಾಯುವುದು ಈಗಷ್ಟೇ ಆರಂಭವಾಗಿದೆ.

ಬಲೆ ಬೀಸುವ ಬಗೆ

ಮಕ್ಕಳನ್ನು ಕೆಡಿಸುವವರು ಹೆಚ್ಚಾಗಿ ಅಪರಿಚಿತರಲ್ಲ. ಕೇಂದ್ರ ಸರಕಾರ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳ ಅಧ್ಯಯನದಲ್ಲಿ, ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರೇ ಆಗಿದ್ದರು. ಮೊದಲು ಪ್ರೀತಿ, ಉಡುಗೊರೆ, ಮೊಬೈಲು. ಆಮೇಲೆ "ಇದು ನಮ್ಮಿಬ್ಬರ ಗುಟ್ಟು". ಕೊನೆಗೆ ಬೆದರಿಕೆ. ಇದರಲ್ಲಿ ಗಂಡುಮಕ್ಕಳೂ ಸಿಲುಕುತ್ತಾರೆ.

ಹಾಗಾದರೆ ಮಗು ಓಡಿ ಬರಲಿಲ್ಲವೇಕೆ? ಆಸ್ಟ್ರಿಯಾದ ನಟಾಶಾ ಕಂಪುಷ್ 1998ರಲ್ಲಿ, 10 ವರ್ಷದವಳಾಗಿದ್ದಾಗ, ಶಾಲೆಗೆ ಹೋಗುವ ದಾರಿಯಲ್ಲಿ ಅಪಹರಣಕ್ಕೊಳಗಾದಳು. ಎಂಟು ವರ್ಷ ನೆಲಮಾಳಿಗೆಯಲ್ಲಿದ್ದು 2006ರಲ್ಲಿ ತಪ್ಪಿಸಿಕೊಂಡಳು. ಕೊನೆಯ ವರ್ಷಗಳಲ್ಲಿ ಆತ ಅವಳನ್ನು ಹೊರಗೂ ಕರೆದೊಯ್ದಿದ್ದ. ಜನ ಅವಳನ್ನೇ ಅನುಮಾನಿಸಿದರು. ಅನ್ನ, ಬೆಳಕು, ಜೀವ ಎಲ್ಲವೂ ಒಬ್ಬನ ಕೈಯಲ್ಲಿದ್ದಾಗ ಅವನ ಮನಸ್ಸು ಹಿಡಿದು ಬದುಕುವುದೇ ಮಗುವಿಗೆ ಉಳಿದ ದಾರಿ. ಬೀಗ ಇಲ್ಲದಿದ್ದರೂ ಭಯ ಕಟ್ಟಿಹಾಕುತ್ತದೆ.

ನಮ್ಮ ರಾಜ್ಯದಲ್ಲೂ ಹೆಣ್ಣುಮಕ್ಕಳಿಗೆ ಎಳವೆಯಲ್ಲೇ ಮುತ್ತು ಕಟ್ಟಿ, ಅದೇ ತಮ್ಮ ಹಣೆಬರಹವೆಂದು ನಂಬಿಸಿದ ದೇವದಾಸಿ ಪದ್ಧತಿ ಇತ್ತಲ್ಲ! ಅದರ ವಿರುದ್ಧ 1982ರಲ್ಲಿ ಕಾನೂನು ಬಂತು. ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ 'ಮಾಸ್' ಎಂಬ ಸಂಘಟನೆ ಕಟ್ಟಿ ತಮ್ಮಂಥವರ ಕೈ ಹಿಡಿದರು. ಬದುಕು ಮತ್ತೆ ಕಟ್ಟಲು ಸಾಧ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ದೇಹ ಹೇಳುವ ಮಾತು

ಬಾಯಿ ಹೇಳದ್ದನ್ನು ದೇಹ ಹೇಳುತ್ತದೆ. ಮತ್ತೆಮತ್ತೆ ಹೊಟ್ಟೆನೋವು, ತಲೆನೋವು, ದೊಡ್ಡ ಮಗು ಹಾಸಿಗೆ ಒದ್ದೆ ಮಾಡುವುದು, ಕೈ ಕೊಯ್ದುಕೊಳ್ಳುವುದು, ಅಪಸ್ಮಾರದಂತೆ ಕಾಣುವ ಆದರೆ ಅಪಸ್ಮಾರವಲ್ಲದ ಸೆಳೆತ. ನಮ್ಮ ಕಡೆ ಇದನ್ನು ಸೋಂಕು, ಉಪದ್ರ ಎಂದು ತಿಳಿಯುವವರಿದ್ದಾರೆ. ಹರಕೆ ಹೊರುವುದು ನಿಮ್ಮ ನಂಬಿಕೆ. ಆದರೆ ಅದಕ್ಕಾಗಿ ಚಿಕಿತ್ಸೆ ತಡವಾಗಬಾರದು.

ದೌರ್ಜನ್ಯ ಇತ್ತೀಚಿನದಾಗಿದ್ದರೆ ಒಂದು ಗಂಟೆಯೂ ಅಮೂಲ್ಯ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಗರ್ಭ ತಡೆಯುವ ಮಾತ್ರೆಯೂ ಬೇಗ ಕೊಟ್ಟಷ್ಟು ಫಲಕಾರಿ. ಯಾವ ಆಸ್ಪತ್ರೆಯೂ ಪೊಲೀಸ್ ಕಾಗದ ತನ್ನಿ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು, ಮಗು ನಂಬುವ ಒಬ್ಬರು ಜೊತೆಗಿರಬೇಕು.

ಗುಣವಾಗುವ ಮೂರು ಮೆಟ್ಟಿಲು

ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ವಿವರಿಸಿದ ಮೂರು ಮೆಟ್ಟಿಲುಗಳು ಮನೆಯವರಿಗೂ ಉಪಯುಕ್ತ.

ಮೊದಲನೆಯದು ಸುರಕ್ಷತೆ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಮಲಗುವ ಕೋಣೆಯಲ್ಲಿ ದೀಪ ಬೇಕೆಂದರೆ ಇರಲಿ. ಮುಟ್ಟುವ ಮೊದಲು ಕೇಳಿ. ಯಾವ ಅಂಗಿ, ಯಾವ ತಿಂಡಿ ಎಂಬ ಸಣ್ಣ ಆಯ್ಕೆಗಳನ್ನು ಮಗುವಿಗೇ ಬಿಡಿ. ಬಂಧನದಲ್ಲಿ ಅದು ಕಳೆದುಕೊಂಡದ್ದೇ ಈ ಹಕ್ಕು.

ಎರಡನೆಯದು ನೆನಪು ಮತ್ತು ದುಃಖ. ಕೆದಕಿ ಕೇಳಬೇಡಿ, ಹೇಳತೊಡಗಿದರೆ ತಡೆಯಬೇಡಿ. ನೆಂಟರಿಷ್ಟರ ಮುಂದೆ ಕಥೆ ಹೇಳಿಸುವುದಂತೂ ಸಲ್ಲದು. ಬಂಧನದಲ್ಲಿಟ್ಟವನ ಬಗ್ಗೆ ಮಗು ಕನಿಕರ ತೋರಿದರೆ ಗದರಬೇಡಿ, ಅದೂ ಗಾಯದ ಒಂದು ಭಾಗ. ಆಘಾತಕ್ಕೆಂದೇ ರೂಪಿಸಿದ ಆಪ್ತಚಿಕಿತ್ಸೆಯಿಂದ ಮಕ್ಕಳಿಗೆ ಉತ್ತಮ ಪ್ರಯೋಜನವಿದೆ. ಔಷಧಿ ನೆನಪನ್ನು ಅಳಿಸದು. ಖಿನ್ನತೆ ತೀವ್ರವಾಗಿದ್ದರೆ ಮನೋವೈದ್ಯರ ಸಲಹೆಯಂತೆ ಬೇಕಾದೀತು.

ಮೂರನೆಯದು ಮತ್ತೆ ಬೆರೆಯುವುದು. ಶಾಲೆ, ಆಟ, ಗೆಳತಿಯರು. ವರ್ಷಗಳು ಹೋಗಿದ್ದರೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. "ಬೇಗ ಮದುವೆ ಮಾಡಿಬಿಟ್ಟರೆ ಸರಿಹೋಗುತ್ತದೆ" ಎಂಬುದು ದೊಡ್ಡ ತಪ್ಪು. ಅದು ಚಿಕಿತ್ಸೆಯಲ್ಲ, ಮತ್ತೊಂದು ಬಂಧನವಾದೀತು.

ಈ ಮೆಟ್ಟಿಲುಗಳನ್ನು ಕೆಲವೊಮ್ಮೆ ಇಳಿದು ಮತ್ತೆ ಹತ್ತಬೇಕಾಗುತ್ತದೆ. ಕೋರ್ಟಿನ ದಿನ ಬಂದಾಗ ಹಳೆಯ ಭಯ ಮರಳಬಹುದು. ಧೈರ್ಯಗೆಡಬೇಡಿ.

ಸಹಾಯ ಎಲ್ಲಿದೆ?

2012ರ ಪೋಕ್ಸೊ ಕಾಯ್ದೆಯಂತೆ ಇಂಥ ಅಪರಾಧ ತಿಳಿದವರೆಲ್ಲ ವರದಿ ಮಾಡಲೇಬೇಕು, ವೈದ್ಯರೂ ಹೊರತಲ್ಲ. ಮರ್ಯಾದೆ ಹೋದೀತೆಂದು ಅಂಜಬೇಡಿ. ಮಗುವಿನ ಗುರುತು ಬಹಿರಂಗಪಡಿಸುವುದನ್ನು ಇದೇ ಕಾಯ್ದೆ ನಿಷೇಧಿಸುತ್ತದೆ. ಪರಿಹಾರಧನಕ್ಕೆ ಅವಕಾಶವಿದೆ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿಮನಸ್ 14416, ಎರಡೂ ಉಚಿತ. ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಜಿಲ್ಲೆಯ ಮನೋವೈದ್ಯರಲ್ಲಿಗೆ ದಾರಿ ತೋರಿಸುತ್ತಾರೆ.

ಬಾಲ್ಯದ ನೋವನ್ನು ಮುಚ್ಚಿಟ್ಟುಕೊಂಡು ಈಗ ತಾಯಂದಿರೋ ತಂದೆಯಂದಿರೋ ಆಗಿರುವ ಓದುಗರಿಗೂ ಇದೇ ಮಾತು: ಚಿಕಿತ್ಸೆಗೆ ಕಾಲ ಮೀರಿಲ್ಲ. ಇನ್ನು ಮನೆಯಲ್ಲಿ ಅಂಥ ಮಗುವಿದ್ದರೆ, ಯಾವ ಮಾತ್ರೆಗಿಂತಲೂ ಮೊದಲು ಅದಕ್ಕೆ ಕೊಡಬೇಕಾದ ಔಷಧಿ ಈ ಎರಡು ವಾಕ್ಯ: "ತಪ್ಪು ನಿನ್ನದಲ್ಲ. ನೀನು ಹೇಳಿದ್ದನ್ನು ನಾವು ನಂಬುತ್ತೇವೆ."